ಎರಡು ಬಾಣಂತನ

ಶ್ರೀ

ಶಿಕಾರಿಪುರ
18-11-1994, ಶುಕ್ರವಾರ

ಚಿ. ಸೌ. ಗಂಗಾಶ್ರೀಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಿನ್ನ ಇನ್‌ಲ್ಯಾಂಡ್ ಪತ್ರ ಸೋಮವಾರ ಬಂತು. ದೀಪಾವಳಿಗೆ ಕರೆಯಲಿಲ್ಲ, ಸೀಮಂತಕ್ಕೆ ಹಡೆದ ತಾಯಿಯೇ ಬರಲಿಲ್ಲ, ಹೆರಿಗೆಗೆ ಯಾವಾಗ ಕರೆದುಕೊಂಡು ಹೋಗುತ್ತಾರೆ ಎಂದು ಅತ್ತೆ ಕೇಳಿದರೆ ಗೋಡೆ ನೋಡುತ್ತೇನೆ ಎಂದು ಬರೆದಿದ್ದೀಯ. ತವರಿಗೆ ನಾನು ಬೇಡವಾಗಿದ್ದರೆ ಹಾಗೆಂದು ಒಂದು ಸಾಲು ಬರೆದುಬಿಡು, ಇನ್ನು ಸೊರಬದಲ್ಲೇ ಇದ್ದುಬಿಡುತ್ತೇನೆ ಎಂದೂ ಬರೆದಿದ್ದೀಯ. ಓದಿ ಅಳು ಬಂತು. ಆಮೇಲೆ ಸಿಟ್ಟು ಬಂತು. ಅದಾದ ಮೇಲೆ, ನಿನ್ನ ಜಾಗದಲ್ಲಿ ನಾನಿದ್ದರೆ ಇದಕ್ಕಿಂತ ಖಾರವಾಗಿಯೇ ಬರೆಯುತ್ತಿದ್ದೆ ಅನ್ನಿಸಿತು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಬಾಣಂತನ ತಾಯಿ ಮಾಡಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಪುಷ್ಯ ಮಾಸ ಹತ್ತಿರ ಬರುತ್ತಿದ್ದರೂ ನಿನ್ನನ್ನು ಕರೆಯಲು ನಾನು ಯಾಕೆ ಬಾಯಿ ಬಿಡುತ್ತಿಲ್ಲ ಎನ್ನುವುದನ್ನು ಈ ಪತ್ರದಲ್ಲಿ ಹೇಳಲೇಬೇಕು. ಆದರೆ ನನಗೆ ಅಷ್ಟು ಧೈರ್ಯ ಒಂದೇ ಸಲಕ್ಕೆ ಬರುವುದಿಲ್ಲ. ಈ ವರ್ಷ ಮನೆಯಲ್ಲಿ ಏನೇನಾಯಿತು ಎಂದು ಮೊದಲಿನಿಂದ ಹೇಳಿಕೊಂಡು ಬರುತ್ತೇನೆ. ಹೇಳುತ್ತ ಹೇಳುತ್ತ ಆ ಮಾತಿಗೂ ಬರುತ್ತೇನೆ. ನಿಮ್ಮತ್ತೆಯ ಕೈಗೆ ಕೊಡುವ ಮೊದಲು ನೀನೊಬ್ಬಳೇ ಓದಿಕೋ.

ಹೋದ ವರ್ಷದ ದೀಪಾವಳಿ ನೆನಪಿದೆಯಲ್ಲ? ಹೊಸ ಅಳಿಯ ಬರುತ್ತಾರೆಂದು ನಿಮ್ಮಪ್ಪ ಅಂಗಡಿಯ ಹಗ್ಗ, ಗೋಣಿಚೀಲಗಳನ್ನೆಲ್ಲ ಒಳಗೆ ತಳ್ಳಿ ಮುಂಬಾಗಿಲಿಗೆ ಬಣ್ಣ ಹೊಡೆಸಿದ್ದರು. ರಾಜಕುಮಾರ್ ಅವರು ಹೋಳಿಗೆ ಸಾಕು ಸಾಕು ಎಂದಷ್ಟೂ ನಿಮ್ಮಜ್ಜಿ ಬಡಿಸುತ್ತಲೇ ಇದ್ದರು. ಅವರ ಕಣ್ಣಿಗೆ ಎಲೆಯಲ್ಲಿ ಹೋಳಿಗೆ ಇರುವುದು ಕಾಣುತ್ತಲೇ ಇರಲಿಲ್ಲ! ಸಂಕ್ರಾಂತಿ ಕಳೆದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರ ಸೀರೆ ಅಂಚಿನ ಬಣ್ಣ ಹೇಳಲು ಶುರು ಮಾಡಿದರು. ಅದೊಂದು ಸಂತೋಷ.

ಬೇಸಿಗೆ ಕೆಟ್ಟದಾಗಿ ಬಂತು. ನಿನ್ನ ತಮ್ಮ ರೇಣುಕಾಪ್ರಸಾದ ಪಿಯುಸಿಯಲ್ಲಿ ಇಂಗ್ಲಿಷು ಕಳೆದುಕೊಂಡ. ಆ ಬೇಜಾರು ಆರುವ ಮೊದಲೇ, ಬಳ್ಳಿಗಾವಿಗೆ ಗೃಹಪ್ರವೇಶದ ಊಟಕ್ಕೆ ಹೋಗಿ ಟಿವಿಎಸ್ ಮೇಲೆ ಬರುತ್ತಿದ್ದ ನಿಮ್ಮಪ್ಪನಿಗೆ ಎಮ್ಮೆ ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ, ನಿಮ್ಮಪ್ಪನ ಕಾಲು ಮುರಿಯಿತು. ಅದನ್ನೆಲ್ಲ ನೀನು ಬಂದು ನೋಡಿಕೊಂಡು ಹೋಗಿದ್ದೀಯ. ಹುಟ್ಟಿದಾಗಿನಿಂದ ಅಂಗಡಿಯೇ ಮನೆ ಎಂದುಕೊಂಡಿದ್ದ ಮನುಷ್ಯ ಕಾಲಿಗೆ ಸಿಮೆಂಟು ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದರು. ಅಂಗಡಿ ರೇಣುಕನ ಪಾಲಿಗೆ ಬಂತು. ಫೇಲಾದ ಹುಡುಗನಿಗೆ ಅದರಿಂದ ಒಳ್ಳೆಯದೇ ಆಯಿತು, ಗಿರಾಕಿಗಳ ಜೊತೆ ಮಾತು ಕಲಿತ, ಸೊಕ್ಕು ಇಳಿಯಿತು.

ನನಗೂ ಒಳ್ಳೆಯದಾಯಿತು ಎಂದು ಹೇಳಿದರೆ ನಗಬೇಡ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಿಮ್ಮಪ್ಪ ಹಗಲು ಹೊತ್ತು ನನ್ನ ಜೊತೆ ಕೂತು ಮಾತಾಡಿದ್ದು ಆಗಲೇ. ಕಾಲು ನೋವಿನ ಸಿಟ್ಟು ಇಳಿದ ಮೇಲೆ ನನಗೆ ಬೆಳ್ಳುಳ್ಳಿ ಸುಲಿದುಕೊಟ್ಟರು. ಮದುವೆಯಾದ ಹೊಸತರಲ್ಲಿ ನನ್ನ ಅಡಿಗೆಗೆ ಹೆದರುತ್ತಿದ್ದುದನ್ನು ಹೇಳಿ ನಗಿಸಿದರು. ನೀನು ಮದುವೆಯಾಗಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು, ಆ ಎರಡು ತಿಂಗಳು ಹಾಗೆ ಅನ್ನಿಸಲಿಲ್ಲ. ಅಷ್ಟರಲ್ಲಿ ನೀನು ಬಸುರಿ ಎನ್ನುವ ಸುದ್ದಿಯೂ ಬಂತು. ನಿಮ್ಮಪ್ಪ ಊರುಗೋಲು ಹಿಡಿದುಕೊಂಡೇ ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದರು.

ಇನ್ನು ಆ ಮಾತು. ಗಂಗಾ, ನಾನೂ ಬಸುರಿ.

ಬರೆದುಬಿಟ್ಟೆ. ಈಗ ಕೈ ಸ್ವಲ್ಪ ಹಗುರವಾಯಿತು. ನಿನಗೆ ಪುಷ್ಯದಲ್ಲಿ ಆಗುತ್ತದೆ, ನನಗೆ ಶಿವರಾತ್ರಿ ಕಳೆದ ಮೇಲೆ. ನಲವತ್ತು ಮುಟ್ಟಿದ ನಿನ್ನ ಅಮ್ಮನಿಗೆ, ಅಜ್ಜಿಯಾಗುವ ವರ್ಷವೇ.

ಮೊದಲು ನನಗೇ ಗೊತ್ತಾಗಲಿಲ್ಲ ಎಂದರೆ ನಂಬುತ್ತೀಯ? ತಿಂಗಳ ಮುಟ್ಟು ನಿಂತಾಗ, ನಿಲ್ಲುವ ವಯಸ್ಸು ಬಂತು ಎಂದುಕೊಂಡೆ. ನಮ್ಮ ಓಣಿಯಲ್ಲಿ ನನ್ನ ವಾರಿಗೆಯವರಿಗೆಲ್ಲ ಹಾಗೇ ಆಗಿದೆ. ಇನ್ನು ಆ ತಾಪತ್ರಯ ಇಲ್ಲ ಎಂದು ಸಮಾಧಾನವೂ ಆಯಿತು, ಯಾಕೋ ಒಂದು ದಿನ ಸುಮ್ಮನೆ ಕೂತು ಕಣ್ಣೀರೂ ಹಾಕಿದೆ. ತಲೆ ಸುತ್ತಿದರೆ ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕುಡಿದೆ. ಗಣೇಶನ ಹಬ್ಬದ ಮಾರನೆಯ ದಿನ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಬಾಯಿಗೆ ಸೆರಗು ಹಿಡಿದುಕೊಂಡು ಹಿತ್ತಿಲಿಗೆ ಓಡಿದೆ. ವಾಪಸು ಬಂದರೆ ನಿಮ್ಮಜ್ಜಿ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. “ಏ ರಾಜಿ, ಕಣ್ಣಿನ ಪೊರಿ ತೆಗಿಸಿದಾಕಿ ನೀನ ಅಲ್ಲೇನು? ಈಗ ನಂಗೆಲ್ಲಾ ಕಾಣ್ತತಿ. ಎಷ್ಟು ತಿಂಗಳಾತು?” ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಅಲ್ಲೇ ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದೆ.

ನಿನಗೀಗ ಎಲ್ಲ ಗೊತ್ತಾಗುವ ಕಾಲ, ಅದಕ್ಕೆ ಮುಚ್ಚಿಡುವುದಿಲ್ಲ. ತೆಗೆಸಿಬಿಡೋಣ ಎಂದೇ ನಾನೂ ನಿಮ್ಮಪ್ಪನೂ ಶಿವಮೊಗ್ಗಕ್ಕೆ ಹೋದೆವು. ಲೇಡಿ ಡಾಕ್ಟರು ಬೈದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ, ರಕ್ತವೂ ಕಡಿಮೆ ಇದೆ, ಈಗ ಕೈ ಹಾಕಿದರೆ ನಿಮಗೇ ಅಪಾಯ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಿಮ್ಮಪ್ಪನಿಗೆ ಹೇಳಿದೆ. “ಬರ್ಲಿ ಬಿಡು ಹಂಗಾರೆ” ಎಂದರು. ಅಷ್ಟೇ. ಶಿಕಾರಿಪುರದಲ್ಲಿ ಬಸ್ಸು ಇಳಿದ ಮೇಲೆ ಅವರು ದಾಪುಗಾಲು ಹಾಕಿಕೊಂಡು ಮುಂದೆ ಹೋದರು, ನಾನು ಯಾರೋ ಅವರು ಯಾರೋ ಎನ್ನುವ ಹಾಗೆ. ಮುರಿದ ಕಾಲಿಗೆ ಅಷ್ಟು ಚುರುಕು ಎಲ್ಲಿಂದ ಬಂತೋ. ಅವತ್ತಿನಷ್ಟು ಸಿಟ್ಟು ನನಗೆ ಅವರ ಮೇಲೆ ಯಾವತ್ತೂ ಬಂದಿರಲಿಲ್ಲ. ತಪ್ಪು ನಾನೊಬ್ಬಳೇ ಮಾಡಿದ ಹಾಗೆ!

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಪೇಟೆಯಲ್ಲಿ ಸುದ್ದಿ ಹಬ್ಬಿತು. ಅಕ್ಕಪಕ್ಕದ ಅಂಗಡಿಯವರು, ತೊಟ್ಟಿಲು ಒಂದೇ ಸಾಕೋ ಜೋಡಿ ಬೇಕೋ ಎಂದು ಕೇಳತೊಡಗಿದರು. ನಿಮ್ಮಪ್ಪ ಗಲ್ಲಾ ಬಿಟ್ಟು ಹಿಂದೆ ಗೋಣಿಚೀಲಗಳ ಮರೆಯಲ್ಲಿ ಕೂರಲು ಶುರು ಮಾಡಿದರು. ರೇಣುಕನಿಗೆ ಅಕ್ಟೋಬರಿನಲ್ಲಿ ಇಂಗ್ಲಿಷು ಪಾಸಾದ ಖುಷಿಯೂ ಉಳಿಯಲಿಲ್ಲ. “ಫ್ರೆಂಡ್ಸ್ ಮುಂದೆ ನಾ ಹೆಂಗ್ ಮುಖ ತೋರಿಸ್ಲಿ? ನಿಮ್ಗೆ ಸ್ವಲ್ಪನಾದ್ರೂ ಗೊತ್ತಾಗಲ್ವಾ?” ಎಂದು ಕೂಗಾಡಿ ಬಳ್ಳಿಗಾವಿಯ ಗೆಳೆಯನ ಮನೆಗೆ ಹೋಗಿ ಕೂತ. ಮಗನ ಬಾಯಿಂದ ಆ ಮಾತು ಕೇಳಿಸಿಕೊಂಡು ನಾನು ಎರಡು ಹೊತ್ತು ಊಟ ಮಾಡಲಿಲ್ಲ.

ನಾಚಿಕೆ ಎನ್ನುವ ಪದವೇ ಗೊತ್ತಿಲ್ಲದವರೆಂದರೆ ನಿಮ್ಮಜ್ಜಿ ಒಬ್ಬರೇ. “ನಮ್ಮವ್ವ ನನ್ನ ಕಿರೀ ತಮ್ಮನ್ನ ಹಡದಾಗ ನಿನ್ನ ಗಂಡ ನನ್ನ ಹೊಟ್ಟ್ಯಾಗಿದ್ದ. ಇಬ್ರಿಗೂ ಒಂದೇ ಹಂಡ್ಯಾಗ ನೀರು ಕಾದ್ವು. ಆಗ ಯಾರೂ ನಗ್ಲಿಲ್ಲ, ಈಗ್ಯಾಕ ನಗ್ತಾರ?” ಎಂದು ನನ್ನನ್ನೇ ಗದರಿದರು. ಮಗನನ್ನು ಮಾತ್ರ ಕಾಡದೆ ಬಿಡಲಿಲ್ಲ. ಕಾಲು ಮುರಿದುಕೊಂಡು ಮನೆಯಲ್ಲಿ ಕೂತವನು ಸುಮ್ಮನೆ ಕೂರಬೇಕಿತ್ತು ಎಂದು ಅವರ ಮುಖಕ್ಕೇ ಹೇಳಿದರು. ನಿಮ್ಮಪ್ಪ ಚಪ್ಪಲಿ ಕೂಡ ಹಾಕಿಕೊಳ್ಳದೆ ಅಂಗಡಿಗೆ ಓಡಿದರು.

ಕೊನೆಗೆ ಅವರನ್ನು ಸರಿ ಮಾಡಿದ್ದು ಅಂಬ್ಲಿಗೊಳದ ಕಡೆಯ ಗಿರಾಕಿ, ಚಿಕ್ಕಬೀರಪ್ಪ ಎನ್ನುವ ರೈತ. ಹಗ್ಗ ಕೊಳ್ಳಲು ಬಂದವನು ಚೀಲಗಳ ಹಿಂದೆ ಇಣುಕಿ ನೋಡಿ, “ಅಲ್ರೀ ಸಾವ್ಕಾರ್ರೆ, ಮುಂಗಾರಿ ಬೆಳಿ ಮನಿಗೆ ಬಂತು ಅಂತ ಹಿಂಗಾರಿ ಬ್ಯಾಡ ಅನ್ನಾಕಾಗ್ತತೇನ್ರಿ? ಹೊರಗ ಬರ್ರಿ” ಎಂದನಂತೆ. ಅದನ್ನು ನನಗೆ ಹೇಳಲೆಂದೇ ನಿಮ್ಮಪ್ಪ ಮಧ್ಯಾಹ್ನ ಬೇಗ ಮನೆಗೆ ಬಂದರು. ಹೇಳುತ್ತ ಹೇಳುತ್ತ ನಕ್ಕರು, ನನಗೂ ನಗು ಬಂತು. ಮಾರನೆಯ ದಿನದಿಂದ ಗಲ್ಲಾದಲ್ಲೇ ಕೂರುತ್ತಿದ್ದಾರೆ. ರೇಣುಕನೂ ವಾರ ಕಳೆದ ಮೇಲೆ ಬಂದ. ಕ್ಷಮೆ ಕೇಳಲಿಲ್ಲ. ನಾನು ಬಾವಿಯಿಂದ ತರುತ್ತಿದ್ದ ಕೊಡವನ್ನು ಕೈಯಿಂದ ಕಿತ್ತುಕೊಂಡು ಒಳಗೆ ಇಟ್ಟ. ಈಗ ನೀರು ತರುವುದೆಲ್ಲ ಅವನೇ.

ಸೀಮಂತದ ಹೊತ್ತಿಗೆ ನನ್ನ ಹೊಟ್ಟೆ ಸೆರಗಿನಲ್ಲಿ ಮುಚ್ಚಿದರೂ ಕಾಣುತ್ತಿತ್ತು. ನಾನು ಬಂದಿದ್ದರೆ ಸೊರಬದ ಹೆಂಗಸರು ಉಡಿ ತುಂಬುವಾಗ ನಿನ್ನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅದು ನಿನ್ನ ದಿನ, ನಿನ್ನ ಮನೆಯವರ ಮುಂದೆ ನಿನ್ನ ತಲೆ ತಗ್ಗಬಾರದು ಎಂದು ನನ್ನ ತಂಗಿ ತುಂಗಮ್ಮನನ್ನು ಕಳಿಸಿದೆ. ಜ್ವರ ಎಂದು ಹೇಳು, ಬಾಯಿ ಬಿಟ್ಟರೆ ನನ್ನಾಣೆ ಎಂದೆ. ದೀಪಾವಳಿಗೆ ನಿಮ್ಮನ್ನು ಕರೆಯದೆ ಇದ್ದದ್ದೂ ಇದೇ ಕಾರಣಕ್ಕೆ. ಸೀಮಂತಕ್ಕೆ ತುಂಗಮ್ಮ ತಂದ ಹಸಿರು ಸೀರೆ, ಬಳೆ ಎಲ್ಲ ನಾನೇ ಪೇಟೆಗೆ ಹೋಗಿ ಆರಿಸಿದ್ದು. ತುಂಗಮ್ಮ ವಾಪಸು ಬಂದು ನಿಮ್ಮತ್ತೆ ಲೋಕಮ್ಮನವರು ಆಡಿದ ಮಾತು ಹೇಳಿದಳು. “ಇರಾದು ಒಬ್ಳು ಮಗ್ಳು, ಬೀಗ್ತಿಗೆ ಒಂದಿನ ಬಂದ್‌ ಹೋಗಾಕೂ ಆಗ್ಲಿಲ್ವೇನ್ರೀ” ಎಂದರಂತೆ. ಅವರು ಅಂದದ್ದರಲ್ಲಿ ತಪ್ಪೇನಿದೆ? ನೀನು ಉಡಿ ತುಂಬಿಸಿಕೊಳ್ಳುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದೆ ಎಂದು ತುಂಗಮ್ಮ ಹೇಳಿದ್ದನ್ನು ಮಾತ್ರ ನನಗೆ ಮರೆಯಲು ಆಗುತ್ತಿಲ್ಲ.

ಈಗ ಮುಂದಿನದು. ನಿನ್ನೆ ನಾನು, ನಿಮ್ಮಪ್ಪ, ನಿಮ್ಮಜ್ಜಿ ಕೂತು ಯೋಚನೆ ಮಾಡಿದೆವು. ನಿನಗೆ ಹೆರಿಗೆಯಾಗುವಾಗ ನನಗೆ ಏಳು ತುಂಬಿರುತ್ತದೆ. ಬಿಸಿನೀರಿನ ಕೊಡ ಎತ್ತಿ ನಿನಗೆ ಎರೆಯುವುದು ನನ್ನಿಂದ ಆಗದು. ನಿಮ್ಮಜ್ಜಿಗೆ ಬಾಯಿ ಗಟ್ಟಿ, ಮೊಣಕಾಲು ಗಟ್ಟಿಯಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು ಒಬ್ಬರ ಮುಖ ಒಬ್ಬರು ನೋಡಬಾರದು ಎಂದು ಹೇಳುವವರೂ ಇದ್ದಾರೆ. ಅದಕ್ಕೆ ನೀನು ಶಿರಾಳಕೊಪ್ಪಕ್ಕೆ, ನಿನ್ನ ತುಂಗ ಚಿಕ್ಕಮ್ಮನ ಮನೆಗೆ ಹೋಗುವುದು ಒಳ್ಳೆಯದು. ಚಿಕ್ಕಮ್ಮನೂ ತಾಯಿಯ ಸಮಾನವೇ, ಅವಳ ಕೈಯಲ್ಲಿ ಹದ ಇದೆ. ಬಾಣಂತಿ ಖಾರ, ಅಂಟಿನುಂಡೆ ಎಲ್ಲ ಇಲ್ಲಿಂದಲೇ ಮಾಡಿ ಕಳಿಸುತ್ತೇನೆ. ಆಸ್ಪತ್ರೆಯೂ ಹತ್ತಿರ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಿಮ್ಮಪ್ಪ ಸೊರಬಕ್ಕೆ ಬಂದು ಬೀಗರಿಗೆ ಎಲ್ಲವನ್ನೂ ತಾವೇ ಹೇಳುತ್ತಾರೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತಾರಂತೆ.

ನೀನು ತವರಿಗೆ ಬೇಡವಾದವಳಲ್ಲ. ಇದೊಂದನ್ನು ನಂಬು. ನಿನಗೆ ಒಳ್ಳೆಯದಾಗಲಿ ಎಂದೇ ಈ ಏರ್ಪಾಟು. ನನ್ನ ಮೇಲೆ ನಗು ಬಂದರೆ ನಗು, ಸಿಟ್ಟು ಬಂದರೆ ಬರೆ, ಆದರೆ ಹೊತ್ತು ಹೊತ್ತಿಗೆ ಊಟ ಮಾಡು. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ನಿಮ್ಮ ಅತ್ತೆ ಮಾವನವರಿಗೆ ನನ್ನ ಶರಣು.

ನಿನ್ನ ಅಮ್ಮ,
ರಾಜೇಶ್ವರಮ್ಮ

ವಿ.ಸೂ.: ಇಲ್ಲಿಯವರೆಗಿನದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಚೆನ್ನಾಗಿ ಬರೆದಿದ್ದೀಯ, ಕೊಡು, ಡಬ್ಬಕ್ಕೆ ಹಾಕುತ್ತೇನೆ ಎಂದರು. ಅಂಟು ಹಚ್ಚಬೇಕು ಎಂದು ಸುಳ್ಳು ಹೇಳಿ ಇಟ್ಟುಕೊಂಡೆ. ಅವರು ಅಂಗಡಿಗೆ ಹೋದರು. ಇನ್ನು ಮುಂದಿನದು ನಾನು ನಿನಗೆ ಮಾತ್ರ ಬರೆಯುತ್ತಿರುವುದು.

ನಿನ್ನನ್ನು ಹೆತ್ತಾಗ, ರೇಣುಕನನ್ನು ಹೆತ್ತಾಗ ನಮ್ಮವ್ವ ನನ್ನ ತಲೆಯ ಹತ್ತಿರ ಕೂತಿದ್ದಳು. ನಾನು ಬಾಯಿಗೆ ಬಂದಂತೆ ಬೈದರೂ ಹಿಡಿದ ಕೈ ಬಿಟ್ಟಿರಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ನಿನ್ನ ಬಾಣಂತನ ಯಾರು ಮಾಡಬೇಕೆಂದು ನಾವೆಲ್ಲ ಕೂತು ಮಾತಾಡಿದೆವು. ನನ್ನದು ಯಾರು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಗಾ, ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದಾಗಿನಿಂದ ನನಗೆ ತುಂಬ ಹೆದರಿಕೆಯಾಗಿದೆ. ನಮ್ಮವ್ವ ಬೇಕು ಅನ್ನಿಸುತ್ತದೆ. ಅವಳ ಜಾಗದಲ್ಲಿ ಕೂರಲು ನನಗೆ ನೀನು ಬಿಟ್ಟರೆ ಇನ್ಯಾರಿದ್ದಾರೆ?

ಶಿರಾಳಕೊಪ್ಪಕ್ಕೆ ಹೋಗಬೇಡ. ತುಂಗಮ್ಮನನ್ನೇ ಇಲ್ಲಿಗೆ ಕರೆಸುತ್ತೇನೆ, ನೀರು ಅವಳು ಎರೆಯಲಿ, ನಿನ್ನ ಹತ್ತಿರ ನಾನು ಕೂರುತ್ತೇನೆ. ನನಗೆ ನೋವು ಬಂದಾಗ ನೀನು ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ನನ್ನ ಹತ್ತಿರ ಕೂತುಕೋ. ಭಾನುವಾರ ನಿಮ್ಮಪ್ಪ ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿ ಮುಗಿಸಲಿ, ನಡುವೆ ಮಾತಾಡಬೇಡ. ಮುಗಿಸಿದ ಮೇಲೆ ಅವರ ಜೊತೆಯಲ್ಲೇ ಹೊರಟು ಮನೆಗೆ ಬಾ.