ಅಂಡಮಾನಿನಿಂದ ಬಂದ ಮ್ಯಾಲ

ಖೂಬಾ ಪ್ಲಾಟ್, ಕಲಬುರಗಿ
೯ ಫೆಬ್ರವರಿ ೨೦೨೫

ನನ್ನ ಜಾಹೇದಾಗ ಶಿವಕಾಂತಿಯ ಸಲಾಮು.

ಮಗಳು ಅಫ್ರೀನ್ ಗಂಡನ ಕೂಡ ಅಂಡಮಾನಿಗೆ ಹೊಂಟಾಳ, ನೀವಿಬ್ಬರೂ ಹೋಗಿ ಬಂದೀರಿ, ಅಲ್ಲಿ ಹೆಂಗಿರಬೇಕು ಹೇಳು ಅಂತ ನೀ ಕೇಳಿ ಬಾಳ ದಿನ ಆತು. ತಡಾ ಮಾಡಿದೆ, ಸಿಟ್ಟಾಗಬ್ಯಾಡ. ಫೋನಿನ್ಯಾಗ ಹೇಳಬಹುದಿತ್ತು, ಆದರ ನಮ್ಮ ಮನೀಯವರು ಸದಾ ಬಾಜೂಕ ಇರ್ತಾರ. ಕಮಲಾಪುರದಾಗ ಎಲ್ಲಾರೂ ಆರಾಮ ಅದಾರಲ್ಲ? ಈ ಸಲ ಕೆಂಪು ಬಾಳಿ ಹೆಂಗ ಬಂದಾವ?

ಮೊದಲ ಊಟದ ಮಾತು. ಅಲ್ಲಿ ಸಮುದ್ರದ ದಂಡಿ ಮ್ಯಾಲ ಒಂದು ಬಂಡಿಯೊಳಗ ಕೊಯ್ದಿಟ್ಟ ಅನಾನಸು, ಬರ್ಫ್ ಹಾಕಿದ ಶರಬತ್ತು. ನಾ ಬ್ಯಾಡ ಅಂದೆ. ಕಲಬುರಗಿ ನೀರು ಕುಡದ ಹೊಟ್ಟಿ, ಏನೂ ಆಗಂಗಿಲ್ಲ ಅಂದ್ರು ಇವರು. ಸಂಜೀಗೇ ಇವರಿಗೆ ವಾಂತಿ, ಭೇದಿ. ನಾ ಓಆರ್‌ಎಸ್ ಕಲಸಿ ಚಮಚಾದಿಂದ ಕುಡಸ್ಕೋತ ಕುಂತೆ. ಅಫ್ರೀನ್‌ಗ ಹೇಳು, ಎದುರಿಗೇ ಬಿಸಿ ಮಾಡಿ ಕೊಟ್ಟದ್ದು ತಿನ್ನಲಿ, ಸೀಲ್ ಇದ್ದ ನೀರು ಕುಡೀಲಿ. ಅಕಿಗೆ ಸೀಗಡಿ ಆಗಿಬರಂಗಿಲ್ಲ, ಪ್ರತಿ ಸಲ ಕೇಳಿಯೇ ಕೈ ಹಚ್ಚಲಿ.

ಮರುದಿನ ಇವರು, ಇಷ್ಟು ದೂರ ಬಂದು ಸಮುದ್ರದಾಗ ಇಳೀದೆ ಹೋಗೋದೇನು ಅಂತ ಹಟಾ ಹಿಡದರು. ಕಣ್ಣು ಮೂಗು ಮುಚ್ಚೋ ಕನ್ನಡಕ, ಬಾಯಾಗ ಒಂದು ನಳಗಿ. ಬೋಟಿನಿಂದ ಇಳದು ಮಾರಿ ನೀರಾಗಿಟ್ಟು ತೇಲಬೇಕು. ಆರಾಮ ಇಲ್ಲದವರು ಇಳೀಬ್ಯಾಡ್ರಿ ಅಂತ ಗೈಡ್ ಹೆಣ್ಣಮಗಳು ಹೇಳಿದಾಗ ಇವರು ನನಗ ಕಣ್ಣಸನ್ನಿ ಮಾಡಿ ಸುಮ್ಮನಿರಿಸಿದರು. ನಳಗಿಯೊಳಗ ನೀರು ಬಂದರ ಗಾಬರಿ ಆಗಬ್ಯಾಡ್ರಿ, ಅಂಗಾತ ಮಲಗಿ ಕೈ ಎತ್ರಿ ಅಂದಿದ್ದಳಕಿ. ಅಫ್ರೀನ್‌ಗ ಹೇಳು, ತೇಲೋ ಜಾಕೆಟ್ಟಿನ ಪಟ್ಟಿ ಬಿಗಿಯಾಗಿರಲಿ, ನಂದು ಸಡಿಲಿತ್ತು.

ಒಳಗ ಅರಿಶಿಣ ಬಳದಂಥ ಮೀನು ನೋಡಿದೆ ಜಾಹೇದಾ, ನೀನೂ ಇರಬೇಕಿತ್ತು ಅನಿಸ್ತು. ಅಷ್ಟರಾಗ ಒಂದು ತೆರಿ ಬಂತು. ಉಪ್ಪು ನೀರು ನುಂಗಿದೆ, ಮುಳುಗಿದೆ. ಎಚ್ಚರಾದಾಗ ಬೋಟಿನ್ಯಾಗಿದ್ದೆ.

ಈಗ ಮನಿಗೆ ಬಂದವರಿಗೆಲ್ಲ ಇವರು ಅದನ್ನೇ ಹೇಳಾಕತ್ತಾರ. ಹೆಂಡತಿ ಮುಳುಗಾಕತ್ತಿದ್ದಳು, ಜುಟ್ಟು ಹಿಡದು ಎಳಕೊಂಡು ಬಂದೆ ಅಂತ. ಬಾಜೂ ಮನಿ ದತ್ತಪ್ಪ ಕಾಕಾ, ಪುಣ್ಯವಂತಿ ಇದ್ದಿ ನೋಡವ್ವ ಅಂದರು.

ಅಫ್ರೀನ್ ಗಂಡನ ಜೋಡಿ ನಕ್ಕೋತ ಹೋಗಿ ನಕ್ಕೋತ ಬರಲಿ. ಮಗಳ ತಲಿ ಮ್ಯಾಲ ನನ್ನ ಎರಡೂ ಕೈ ಅದಾವ.

ನಿನ್ನ,
ಶಿವಕಾಂತಮ್ಮ

ತಾ.ಕ.: ನನ್ನ ಎಳದು ತಂದಾಕಿ ಆ ಗೈಡ್ ಹೆಣ್ಣಮಗಳು. ಇವರಿಗೂ ಉಸಿರು ಕಟ್ಟಿತ್ತು, ನನ್ನ ಹೆಗಲ ಮ್ಯಾಲ ಕಾಲಿಟ್ಟು ತುಳದು ಬೋಟಿನ ಏಣಿ ಹಿಡದರು. ಜೀವದ ಅಂಜಿಕ್ಯಾಗ ಯಾರಾದರೂ ಹಂಗ ಮಾಡ್ತಾರ, ಅದನ್ನ ನಾ ಅವತ್ತೇ ಬಿಟ್ಟೆ. ಆದರ ಹೇಳಿ ಮುಗಿಸಿದ ಮ್ಯಾಲ ಪ್ರತಿ ಸಲ ನನ್ನ ಕಡಿ ತಿರುಗಿ, "ಹೌದಲ್ಲೇನು?" ಅಂತಾರ. ನಾ ಚಹಾದ ಕಪ್ಪು ಹಿಡಕೊಂಡು ಗೋಣು ಹಾಕ್ತಿದ್ದೆ. ನಿನ್ನೆ ಕಾಕಾನ ಎದುರಿಗೇ, "ಅಲ್ಲ ರೀ" ಅಂದುಬಿಟ್ಟೆ. ಅವಾಗಿಂದ ಇವರು ನನ್ನ ಕೂಡ ಮಾತು ಬಿಟ್ಟಾರ. ನಿಮ್ಮ ಮನ್ಯಾಗ ನಾಕು ದಿನ ನನಗ ಜಾಗಾ ಆಗ್ತದೇನು?