ಬಚ್ಚಲ ಬಾಗಿಲ ಕುರ್ಚಿ

ತಳೇಗಾಂವ ದಾಭಾಡೆ, ಪುಣೆ
೧೨ ಜನವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರೇ,

ಮೊದಲು ಕಾಲಿನ ಸುದ್ದಿ ಹೇಳಿ. ವಾಕರ್ ಹಿಡಿದು ಜಗಲಿಯವರೆಗೆ ಬಂದಿರಂತೆ, ಅಲ್ಲಿ ನಿಂತು ಅಂಗಳ ಗುಡಿಸುವವಳಿಗೆ ಮೂಲೆ ಮೂಲೆ ತೋರಿಸಿ ಬೈದಿರಂತೆ. ನಿಮ್ಮ ಮಗರಾಯ ಪುನೀತ ಹೇಳಿದ. ಬೈಯುವಷ್ಟು ಉಸಿರು ಬಂದಿದೆ ಎಂದರೆ ಅರ್ಧ ವಾಸಿಯಾದ ಹಾಗೆ ಎಂದು ನನಗೆ ಸಮಾಧಾನವಾಯಿತು. ತೊಡೆಯೊಳಗೆ ಹಾಕಿದ ರಾಡು ಈ ಚಳಿಗೆ ನೋಯುತ್ತದೆಯೇ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀರೋ, ಇಲ್ಲ ಮಾವನವರು ಎದುರಿಗೆ ಬಂದಾಗ ಮಾತ್ರ ಕಾಲು ಅಲ್ಲಾಡಿಸುತ್ತೀರೋ? ಮಾವನವರ ಕೆಮ್ಮು ಹೇಗಿದೆ? ಬೆಳಗಿನ ಮಂಜಿನಲ್ಲಿ ಗದ್ದೆಯ ಕಡೆ ಹೋಗಬೇಡಿ ಎಂದು ಅಳಿಯ ಹೇಳಿದನೆಂದು ಹೇಳಿ. ಕೇಳುವುದಿಲ್ಲ, ಆದರೂ ಹೇಳಿ.

ಫೋನು ಇರುವಾಗ ಇವನಿಗೇಕೆ ಕಾಗದ ಬರೆಯುವ ಹುಚ್ಚು ಎಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವೂ ನಿಮ್ಮ ಮಗಳೂ ಆಡುವ ಮಾತನ್ನು ನಾನು ದಿನವೂ ಕೇಳುತ್ತೇನಲ್ಲ. ‘ನಾನು ಚೆನ್ನಾಗಿದ್ದೀನಿ ಕಣವ್ವ’ ಎಂದು ಇವಳು, ‘ನಾನೂ ಚೆನ್ನಾಗಿವ್ನಿ ಕಣ್ ಮಗ’ ಎಂದು ನೀವು. ಚೆನ್ನಾಗಿರುವುದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸೋಲುವುದಿಲ್ಲ. ನಾಲ್ಕು ನಿಮಿಷಕ್ಕೆ ಸುದ್ದಿ ಮುಗಿದು ಫೋನು ಮಾವನವರ ಕೈಗೆ ಹೋಗುತ್ತದೆ, ಅವರು ಪುಣೆಯ ಹವೆ ಕೇಳಿ ಇಡುತ್ತಾರೆ. ಹೀಗಾದರೆ ನಿಮಗೆ ಮಗಳ ಸುದ್ದಿ ಸಿಗುವುದು ಯಾವಾಗ? ಅದಕ್ಕೇ ಬರೆಯುತ್ತಿದ್ದೇನೆ. ಇಂಪನಾ ಊಟ ಮಾಡಿ ಮಲಗಿದ್ದಾಳೆ. ಅವಳು ಏಳುವುದರೊಳಗೆ ಮುಗಿಸಬೇಕು.

ನನ್ನನ್ನು ಬೆಳೆಸಿದವಳು ನಮ್ಮ ಯಂಕವ್ವ ಅಜ್ಜಿ ಎಂಬುದು ನಿಮಗೆ ಗೊತ್ತು. ಮದುವೆಯಲ್ಲಿ ನಿಮ್ಮ ಕೈ ಹಿಡಿದುಕೊಂಡು ಕೂತಿದ್ದಳಲ್ಲ, ಅವಳೇ. ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಯಲ್ಲಿ ಸಂಜೆ ರೊಟ್ಟಿ ಬಡಿಯುತ್ತ ಕಥೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ರಾಣಿಗೆ ದಿನ ತುಂಬುವುದು ಒಂದೇ ಉಸಿರಿನಲ್ಲಿ. ‘ಒಂದಾತು, ಎರಡಾತು, ಒಂಬತ್ತು ತುಂಬಿದುವು, ಸೂರ್ಯನಂಥಾ ಮಗ ಹುಟ್ಟಿದ.’ ಅಷ್ಟರಲ್ಲಿ ಹಂಚಿನ ಮೇಲೆ ಒಂದು ರೊಟ್ಟಿ ಬೆಂದಿರುತ್ತಿತ್ತು. ಆ ಒಂಬತ್ತು ತಿಂಗಳು ರಾಜ ಏನು ಮಾಡುತ್ತಿದ್ದ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬೇಟೆಗೆ ಹೋಗಿರಬೇಕು ಎಂದುಕೊಂಡಿದ್ದೆ. ಈಗ ಗೊತ್ತಾಗಿದೆ. ರಾಜ ಮಂಚದ ಕೆಳಗೆ ತಲೆ ಹಾಕಿ ರಾಣಿಯ ಚಪ್ಪಲಿ ಹುಡುಕುತ್ತಿದ್ದ. ಸಿಕ್ಕಿದ್ದನ್ನು ತಂದುಕೊಟ್ಟರೆ ‘ಇದು ಬಿಗಿಯಾಗುತ್ತೆ, ಆ ಇನ್ನೊಂದು ಜೊತೆ’ ಎಂದು ಹೇಳಿಸಿಕೊಂಡು ಮತ್ತೆ ತಲೆ ಹಾಕುತ್ತಿದ್ದ.

ಮೂರನೇ ತಿಂಗಳಲ್ಲಿ ನಿಮ್ಮ ಮಗಳಿಗೆ ಬಂದ ಮೂಗನ್ನು ನೀವು ನೋಡಬೇಕಿತ್ತು. ನಾನು ಕಾರ್ಖಾನೆಯಿಂದ ಬಂದು ಗೇಟಿನಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ದಾರಿಯಲ್ಲಿ ವಡಾಪಾವ್ ತಿಂದದ್ದು ಮೂರನೇ ಮಹಡಿಯಲ್ಲಿದ್ದವಳಿಗೆ ತಿಳಿಯುತ್ತಿತ್ತು. ಮಷಿನ್ ಎಣ್ಣೆಯ ವಾಸನೆ, ಒಗ್ಗರಣೆಯ ವಾಸನೆ, ಸಾಬೂನಿನ ವಾಸನೆ, ಕೊನೆಗೆ ನನ್ನದೇ ವಾಸನೆ, ಎಲ್ಲಕ್ಕೂ ಮನೆಯಿಂದ ಗಡೀಪಾರಾಯಿತು. ಹದಿನೈದು ದಿನ ನನ್ನ ಊಟ ಬಾಲ್ಕನಿಯಲ್ಲಿ, ಬಾಗಿಲು ಹಾಕಿಕೊಂಡು. ಒಂದು ದಿನ ಮಳೆ ಬಂತು. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ರೊಟ್ಟಿ. ಪಲ್ಯ ಮುಟ್ಟಲು ಮೂರನೇ ಕೈ ಇರಲಿಲ್ಲ. ಆದರೆ ಅತ್ತೆಯವರೇ, ಆ ಹದಿನೈದು ದಿನದಲ್ಲಿ ಇವಳು ಒಂದು ದಿನವೂ ಕೆಲಸಕ್ಕೆ ರಜೆ ಹಾಕಲಿಲ್ಲ. ಇವಳ ಕೆಲಸ ಗೊತ್ತಲ್ಲ, ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. (ಕೈ ಪಳಗಲೆಂದು ದಿನವೂ ಗಂಡನ ಮೇಲೆ ಅಭ್ಯಾಸ ನಡೆಯುತ್ತದೆ.) ಮನೆಯಿಂದಲೇ ಮೀಟಿಂಗು. ನಡುವೆ ಮೈಕು ಮುಚ್ಚಿ ಎದ್ದು ಹೋಗಿ, ವಾಂತಿ ಮಾಡಿ, ಮುಖ ತೊಳೆದು, ಬಿಂದಿ ಸರಿ ಮಾಡಿಕೊಂಡು ಬಂದು ಕೂತು, ‘ಆ ಮೂರನೇ ಪಾಯಿಂಟ್‌ಗೆ ನಾನು ಒಪ್ಪಲ್ಲ’ ಎನ್ನುತ್ತಿದ್ದಳು. ಆ ಕಡೆ ಕೂತಿದ್ದ ಎಂಟು ಗಂಡಸರಿಗೆ ಏನೂ ಗೊತ್ತಾಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದ ನನಗೆ ಗೊತ್ತಾಯಿತು. ಯಂಕವ್ವನ ಕಥೆಗಳಲ್ಲಿ ಏಳು ಸಮುದ್ರ ದಾಟಿದ ವೀರರು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬನೂ ವಾಂತಿ ಮಾಡುತ್ತ ದಾಟಿದವನಲ್ಲ.

ಆಮೇಲೆ ಬಯಕೆ ಶುರುವಾಯಿತು. ಡಿಸೆಂಬರಿನಲ್ಲಿ ನಿಮ್ಮನ್ನು ನೋಡಿಕೊಂಡು ನಾನು ತಿರುಗಿ ಬಂದ ಮಾರನೇ ದಿನವೇ ಇವಳಿಗೆ ಅವರೆಕಾಯಿ ನೆನಪಾಗಬೇಕೇ? ನಾನು ಅಲ್ಲಿರುವಾಗ ನೆನಪಾಗಿದ್ದರೆ ಮೂಟೆ ಹೊತ್ತು ತರುತ್ತಿದ್ದೆ. ಊರಿಗೆ ಹೇಳೋಣ ಎಂದರೆ ಬೇಡ ಎಂದಳು, ಅವ್ವ ಅದನ್ನೇ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದಳು. ಇಲ್ಲಿಯ ಸಂತೆಯಲ್ಲಿ ಪಾವಟೆ ಎಂದು ಒಂದು ಸಿಗುತ್ತದೆ, ನೋಡಲು ಅವರೆಯ ತಮ್ಮನ ಹಾಗೆ. ಅದನ್ನೇ ಕೊಂಡು ತಂದೆ. ಒಂದು ಕಾಯಿ ಸುಲಿದು ಮೂಸಿ, ‘ಸೊಗಡೇ ಇಲ್ಲ’ ಎಂದು ಪಕ್ಕಕ್ಕಿಟ್ಟಳು. ಕೊನೆಗೆ ಸ್ವಾರಗೇಟ ಬಸ್ ನಿಲ್ದಾಣಕ್ಕೆ ಹೋಗಿ, ಬೆಂಗಳೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ರಾಘಣ್ಣ ಎಂಬುವರ ಕೈಕಾಲು ಹಿಡಿದೆ. ನಾಲ್ಕನೇ ದಿನ ಅವರು ಒಂದು ಚೀಲ ಇಳಿಸಿಕೊಟ್ಟು ಹೇಳಿದರು: ‘ತಗೊಳ್ಳಿ ಸಾರ್ ನಿಮ್ಮ ಸೊಗಡು. ದಾರಿ ಉದ್ದಕ್ಕೂ ಬಸ್ಸಿನವರೆಲ್ಲ ಹೊಟ್ಟೆ ಹಸ್ಕೊಂಡು ನನ್ನ ಬೈತಾ ಬಂದ್ರು.’ ಅಂದು ಸಂಜೆಯೆಲ್ಲ ಕೂತು ಸುಲಿದು ನೆನೆಹಾಕಿದೆ, ಬೆಳಿಗ್ಗೆ ಹಿದುಕಿದೆ. ಹಿದುಕುವಾಗ ಕಾಳು ಸಿಪ್ಪೆಯಿಂದ ಹಾರಿ ಒಂದು ದೇವರ ಗೂಡಿಗೂ ಹೋಯಿತು. ಸಾರು ಮಾಡಿದ್ದೂ ನಾನೇ, ಮುದ್ದೆ ತಿರುವಿದ್ದೂ ನಾನೇ; ಇವಳು ಕುರ್ಚಿಯಲ್ಲಿ ಕೂತು ‘ನಮ್ಮವ್ವ ಹಂಗ್ ಮಾಡಲ್ಲ’ ಎಂದು ಹೇಳುತ್ತ ಹೋದಳು. ಮುದ್ದೆಯಲ್ಲಿ ಗಂಟಿದ್ದವು. ಮೂರು ಸಲ ಬಡಿಸಿಕೊಂಡು ಉಂಡಳು. ‘ಅವ್ವ ಮಾಡಿದ ಹಾಗಿಲ್ಲ. ಆದ್ರೂ ಇನ್ನೊಂದ್ ಸೌಟು ಹಾಕ್ರೀ’ ಎಂದಳು. ಉಂಡು ಬಟ್ಟಲು ತೊಳೆಯಲು ತಾನೇ ಎದ್ದು ಹೋದಳು.

ಇನ್ನು ನನ್ನ ಶಾಲೆಯ ಸುದ್ದಿ. ನಾನು ಬಂದಾಗ ನೀವು ಸೆರಗು ಬಾಯಿಗೆ ಹಿಡಿದು ಹೇಳಿದ್ದು ನನಗೆ ಮರೆತಿಲ್ಲ. ‘ಬಾಣಂತನ ಮಾಡೋ ಅವ್ವ ಬೇಕು ಕಣಪ್ಪ, ಮಾಡಿಸ್ಕೊಳ್ಳೋ ಅವ್ವ ಬಂದು ಏನ್ ಮಾಡ್ಲಿ? ಒಂದು ಕೂಸು ಸಾಲ್ದು ಅಂತ ಇನ್ನೊಂದು ಕೂಸಾ?’ ಚೊಚ್ಚಲ ಬಾಣಂತನ ತವರಿನದು. ಅದನ್ನು ನೀವು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಳೆದುಕೊಂಡಿರಿ ಎಂಬ ಸಂಕಟ ನಿಮಗೆ. ಇವಳು ಅಲ್ಲಿಗೆ ಬರೋಣವೆಂದರೆ ದೂರದ ಪ್ರಯಾಣ ಬೇಡ ಎಂದು ಇಲ್ಲಿಯ ಡಾಕ್ಟರಮ್ಮ ಹೇಳಿಬಿಟ್ಟಿದ್ದಾರೆ. ನಿಮ್ಮ ಮಾತನ್ನು ಬಂದು ಇವಳಿಗೆ ಹೇಳಿದರೆ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ‘ಅವ್ವಂಗೆ ಯಾರೂ ತೊಂದ್ರೆ ಕೊಡ್ಬೇಡಿ. ನಾನು ನೋಡ್ಕೋತೀನಿ’ ಎಂದಳು. ಸರಿ, ನಾನೇ ಮಾಡುತ್ತೇನೆ ಎಂದು ಯುಗಾದಿಯಿಂದ ಒಂದು ತಿಂಗಳ ರಜೆಗೆ ಬರೆದುಕೊಟ್ಟೆ. ಕಾರ್ಖಾನೆಯ ಸಾಹೇಬರು ಕಾರಣ ಕೇಳಿದರು. ‘ಬಾಳಂತಪಣ’ ಎಂದೆ. ಅವರು ಕನ್ನಡಕ ತೆಗೆದು ನನ್ನ ಹೊಟ್ಟೆ ನೋಡಿ, ‘ತುಝಂ?’ ಎಂದರು. ನಿನ್ನದಾ ಎಂದು! ಈ ಏಳು ತಿಂಗಳಲ್ಲಿ ನನ್ನ ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿದೆ, ಅವರ ತಪ್ಪಲ್ಲ.

ನನಗೆ ಪಾಠ ಹೇಳುವವರು ಎದುರು ಮನೆಯ ಗೌರಾಬಾಯಿ. ಧಾರವಾಡದ ಕಡೆಯವರು, ಇಲ್ಲಿಗೆ ಬಂದು ನಲವತ್ತು ವರ್ಷ. ಅವರ ಯಜಮಾನರು ಕೃಷ್ಣಾಜಿ, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತರಾದವರು. ಗೌರಾಬಾಯಿಗೆ ಮಂಡಿ ನೋವು, ಕೆಳಗೆ ಕೂರಲಾರರು. ನಿಂತೇ ಕಲಿಸುತ್ತಾರೆ. ಬಾಣಂತಿಗೆ ತಿನ್ನಿಸುವ ಅಂಟಿನ ಉಂಡಿ ಕಲಿತೆ, ಲೋಬಾನದ ಹೊಗೆ ಹಾಕುವುದು ಕಲಿತೆ. ಕೂಸಿಗೆ ನೀರೆರೆಯುವುದು ಉಳಿದಿತ್ತು. ಅದಕ್ಕೆ ಕೂಸು ಬೇಕಲ್ಲ. ಡಾಕ್ಟರಮ್ಮ ಮೂರು ಕಿಲೋ ಇದ್ದರೆ ಒಳ್ಳೆಯದು ಎಂದಿದ್ದರು. ಹೋದ ಭಾನುವಾರ ಸಂತೆಗೆ ಹೋಗಿ, ಸರಿಯಾಗಿ ಮೂರು ಕಿಲೋದ ಕುಂಬಳಕಾಯಿ ಕೊಡು ಎಂದೆ. ಮಾರುವವಳು ಮರಾಠಿಯಲ್ಲಿ, ಪಲ್ಯಕ್ಕೋ ಪೂಜೆಗೋ ಎಂದು ಕೇಳಿದಳು. ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ, ಸ್ನಾನಕ್ಕೆ ಎಂದೆ. ಆಮೇಲೆ ಅವಳು ಚಿಲ್ಲರೆ ಕೊಡುವಾಗ ನನ್ನ ಕೈ ಮುಟ್ಟದ ಹಾಗೆ ಕೊಟ್ಟಳು.

ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಎರಡೂ ಚಾಚಿ, ಅವುಗಳ ಮೇಲೆ ಕುಂಬಳಕಾಯಿ ಮಲಗಿಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ‘ಏ ಬಾಳು, ಕೂಸಿಗೆ ಎರಿಯೂದಂದ್ರ ಗಾಡಿ ತೊಳ್ಯೂದಲ್ಲೋ! ಹಗೂರ, ಹಗೂರ!’ ಎಂದು ಗೌರಾಬಾಯಿ. ಹಿಂದೆ ನಿಂತ ಕೃಷ್ಣಾಜಿ, ‘ಮೂವತ್ತ ವರ್ಷ ಬಾಂಬ್ ಹಿಡದೇನಿ, ಇಷ್ಟ ಅಂಜಿ ಹಿಡದಿದ್ದಿಲ್ಲಪಾ’ ಎಂದರು. ನಾನು ನಗುವುದಕ್ಕೂ ಎರಡನೇ ತಂಬಿಗೆ ನೀರು ಬೀಳುವುದಕ್ಕೂ ಸರಿಯಾಯಿತು. ಎಣ್ಣೆ ಮೆತ್ತಿದ ಕುಂಬಳಕಾಯಿ ಕಾಲ ಮೇಲಿಂದ ಜಾರಿ, ಹೊಸ್ತಿಲಿಗೆ ಬಡಿದು, ಎರಡು ಹೋಳಾಯಿತು. ಗೌರಾಬಾಯಿ ಬಾಯಿಗೆ ಕೈ ಹಚ್ಚಿದರು. ಬಸುರಿಯ ಗಂಡ ಕುಂಬಳಕಾಯಿ ಒಡೆಯಬಾರದಲ್ಲ! ಇಂಥದ್ದನ್ನೆಲ್ಲ ನಂಬುವವನಲ್ಲ ನಾನು ಎಂದು ಹೇಳಿಕೊಂಡು ತಿರುಗುವವನು, ಆದರೂ ಏಳು ತಿಂಗಳಿಂದ ದೇವರ ಮುಂದೆ ಒಂದು ತೆಂಗಿನಕಾಯಿ ಸಹ ಒಡೆದಿಲ್ಲ, ಅವರಿವರ ಕೈಯಲ್ಲಿ ಒಡೆಸಿದ್ದೇನೆ. ನಿಜ ಹೇಳುತ್ತೇನೆ ಅತ್ತೆಯವರೇ, ಅಳು ಬಂತು. ಕೈಯಲ್ಲಿದ್ದದ್ದು ಕುಂಬಳಕಾಯಿ ಅಲ್ಲದೆ ಹೋಗಿದ್ದರೆ ಎಂದು ಮನಸ್ಸು ಅಲ್ಲಿಗೇ ಹೋಗಿ ನಿಂತಿತು.

ಸದ್ದು ಕೇಳಿ ಇವಳು ಬಂದಳು. ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಹೋಳುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ‘ಎಣ್ಣೆ ಜಾಸ್ತಿ ಹಾಕಿದ್ದೀರ. ಎಡಗೈ ಖಾಲಿ ಬಿಟ್ಟಿದ್ದೀರ. ತಲೆ ಹಿಡೀಬೇಕಿತ್ತು’ ಎಂದಳು, ಆಫೀಸಿನಲ್ಲಿ ಹೇಳುವ ಹಾಗೆ. ಆಮೇಲೆ ನನ್ನ ಒದ್ದೆ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನದು ಒದೆಯಿತು. ‘ಬಿದ್ದಿದ್ದು ಕುಂಬಳಕಾಯಿ ರೀ. ಮಗು ಇಲ್ಲೇ ಇದೆ, ನಿಮ್ಮನ್ನೇ ಒದೀತಿದೆ’ ಎಂದಳು. ಗೌರಾಬಾಯಿಯ ಕಡೆ ತಿರುಗಿ, ‘ಒಡೆದಿದ್ದನ್ನ ಹೊತ್ತು ಮುಳುಗೋದ್ರೊಳಗೆ ಸಿಹಿ ಮಾಡಿ ತಿಂದ್ರೆ ದೋಷ ಇಲ್ಲ ಆಂಟಿ’ ಎಂದು ತೀರ್ಪು ಕೊಟ್ಟಳು. ‘ಹಂಗಂತ ಯಾರ ಹೇಳ್ಯಾರ?’ ಎಂದು ಅವರು. ‘ನಮ್ಮವ್ವ’ ಎಂದಳು. ಗೌರಾಬಾಯಿ ಬೆಲ್ಲ ತರಲು ಹೋದರು. ಕುಂಬಳಕಾಯಿ ಗಾರಿಗೆ ಆಯಿತು, ಮೂರು ಮನೆಗೆ ಹಂಚಿದೆವು. ಹಾಗೆಂದು ನೀವು ಎಂದಾದರೂ ಹೇಳಿದ್ದುಂಟೇ? ನನಗೆ ಅನುಮಾನ. ಈ ಮನೆಯಲ್ಲಿ ದಿನಕ್ಕೆ ಹತ್ತು ಕಾನೂನು ಹೊರಡುತ್ತವೆ, ಹತ್ತಕ್ಕೂ ನಿಮ್ಮದೇ ರುಜು.

ನಾಳೆ ಇಲ್ಲಿ ಸಂಕ್ರಾಂತಿಯ ಮುನ್ನಾದಿನದ ಭೋಗಿ, ಗೌರಾಬಾಯಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸುತ್ತಾರೆ. ಇವಳಿಗೆ ಈಗ ಎಲ್ಲ ರುಚಿಸುತ್ತದೆ, ತೂಕ ಸರಿಯಾಗಿದೆ, ರಕ್ತ ಸರಿಯಾಗಿದೆ, ಪಾದ ಮಾತ್ರ ಸಂಜೆಗೆ ಊದುತ್ತದೆ. ಬಿಸಿನೀರಿನಲ್ಲಿ ಇಡಿಸಿ ಒತ್ತುತ್ತೇನೆ, ಚಿಂತೆ ಮಾಡಬೇಡಿ. ಮಾವನವರ ಪಾದಕ್ಕೂ, ರಾಡು ಹಾಕಿದ ನಿಮ್ಮ ಕಾಲಿಗೂ, ನೋಯದ ಹಾಗೆ ಮೆಲ್ಲಗೆ, ನನ್ನ ಹಣೆ ಮುಟ್ಟಿಸಿದ್ದೇನೆ ಎಂದು ತಿಳಿಯಿರಿ. ಪುನೀತನಿಗೆ ನೆನಪು.

ನಿಮ್ಮ ಅಳಿಯ,
ಬಾಳು

ತಾ.ಕ.: ಒಳಗೆ ಬಳೆ ಸದ್ದಾಯಿತು, ಏಳುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅವರೆಕಾಯಿ ಸಾರು ಉಂಡ ದಿನ ಬಟ್ಟಲು ತೊಳೆಯಲು ಹೋದಳು ಎಂದೆನಲ್ಲ. ಇದ್ದದ್ದು ಎರಡೇ ಬಟ್ಟಲು. ನಲ್ಲಿ ಕಾಲು ಗಂಟೆ ಬಿಟ್ಟೇ ಇತ್ತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಈರುಳ್ಳಿ ಎಂದಳು. ಈರುಳ್ಳಿ ಹೆಚ್ಚಿದವನು ನಾನು, ಅದೂ ಬೆಳಿಗ್ಗೆ. ಬಾ ಎಂದು ಇವಳು ನಿಮಗೆ ಹೇಳುವುದಿಲ್ಲ; ಬರುತ್ತೇನೆ ಎಂದು ನೀವು ಹೇಳುವುದಿಲ್ಲ. ಪುನೀತನ ಹತ್ತಿರ ಮಾತಾಡಿದ್ದೇನೆ, ಮಾರ್ಚ್ ಮೊದಲ ವಾರ ರೈಲಿನಲ್ಲಿ ಕರೆತರುತ್ತಾನೆ, ಇಲ್ಲಿ ಲಿಫ್ಟ್ ಇದೆ. ಕುಂಬಳಕಾಯಿ ಒಡೆದ ಮಾರನೇ ದಿನವೇ ಒಂದು ಬೆತ್ತದ ಕುರ್ಚಿ ತಂದೆ, ಎತ್ತರದ್ದು, ಕೈ ಇರುವುದು, ಕಾಲು ಮಡಚದೆ ಕೂರಬಹುದು. ಬಚ್ಚಲ ಬಾಗಿಲಿಗೆ ಹಾಕಿದ್ದೇನೆ. ಅಲ್ಲಿ ಕೂತರೆ ಒಳಗೆ ನೀರೆರೆಯುವವನ ಎಡಗೈ ಎಲ್ಲಿದೆ ಎಂದು ನೇರವಾಗಿ ಕಾಣುತ್ತದೆ, ನಾನೇ ಕೂತು ನೋಡಿದ್ದೇನೆ. ಕೂಸನ್ನು ಮಲಗಿಸಲು ಗಟ್ಟಿ ಕಾಲು ಎರಡು ನನ್ನ ಹತ್ತಿರ ಇವೆ. ನಿಮ್ಮಿಂದ ಕಾಲು ಬೇಕಾಗಿಲ್ಲ. ಕುರ್ಚಿ ಯಾಕೆ ಎಂದು ಇವಳು ಕೇಳಿದಳು. ಟವೆಲು ಹಾಕಲು ಎಂದೆ. ದಿನವೂ ಅದನ್ನು ಒರೆಸುತ್ತಾಳೆ. ಇವತ್ತಿನವರೆಗೆ ಅದರ ಮೇಲೆ ಒಂದು ಟವೆಲೂ ಹಾಕಿಲ್ಲ.