ಪವರ್ ಸಪ್ಲೈಯೊಳಗೆ ಸಿಮೆಂಟ್ ಇಟ್ಟವನಿಗೆ

ಮೂರನೇ ದಿಬ್ಬ, ಕೊಪ್ಪಳ ಸೀಮೆ
ಎರಡು ಸಾವಿರದ ಇನ್ನೂರ ಹದಿನೇಳನೇ ಇಸವಿ, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ, ಮಧ್ಯಾಹ್ನ

ನಿನ್ನ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅದನ್ನೇ ಮೊದಲು ಬರೆದು, ಅದರ ಮೇಲೆ ಉಗುಳಿ ಮುಂದುವರಿಯುತ್ತಿದ್ದೆ. ಹಿಂದೋಲೆ ಬರೆಯುವವರು ಶುರುವಿಗೇ ಕ್ಷಮೆ ಕೇಳಬೇಕಂತೆ. ನಮ್ಮ ಪದಗಳು ನಿಮ್ಮ ಕಾಲದವರಿಗೆ ವಿಚಿತ್ರವಾಗಿ ಕಾಣುತ್ತವೆ ಎಂದು ಕಚೇರಿಯ ಗುಮಾಸ್ತ ಹೇಳಿದ. ಕ್ಷಮೆ ಕೇಳಿದ್ದೇನೆ ಎಂದು ತಿಳಿದುಕೋ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಬರೆಯುವ ಹಕ್ಕಿದೆ. ಮುಟ್ಟುತ್ತದೋ ಇಲ್ಲವೋ ಯಾರೂ ಕಂಡಿಲ್ಲ, ಉತ್ತರವಂತೂ ಯಾರಿಗೂ ಬಂದಿಲ್ಲ. ಬೇರೆಯವರು ಮುತ್ತಜ್ಜ ಮುತ್ತಜ್ಜಿಯರಿಗೆ ಶರಣು ಹೇಳಿ ಬರೆಯುತ್ತಾರೆ. ನಾನು ಹುಲಿಗೆಮ್ಮ, ಮೂರನೇ ತರಗತಿಗೆ ಶಾಲೆ ಬಿಟ್ಟವಳು, ಇರುವ ಒಂದು ಹಾಳೆಯನ್ನು ನಿನ್ನಂಥವನ ಮೇಲೆ ಖರ್ಚು ಮಾಡುತ್ತಿದ್ದೇನೆ. ಕೂತು ಓದು.

ನಾನು ಇರುವ ದಿಬ್ಬ ಮಣ್ಣಿನದಲ್ಲ. ನೀವು ಎಸೆದ ಕಂಪ್ಯೂಟರು, ಫೋನು, ಟಿವಿಗಳನ್ನು ಒಂದರ ಮೇಲೊಂದು ಸುರಿದು ಸುರಿದು ಆದದ್ದು. ಇಂಥವು ಈ ಸೀಮೆಯಲ್ಲಿ ಏಳಿವೆ. ಅವುಗಳ ಬುಡದಲ್ಲಿ ನಮ್ಮ ಮನೆಗಳು, ಅವುಗಳ ಹೊಟ್ಟೆಯೊಳಗೆ ನಮ್ಮ ಅನ್ನ. ಅಗೆಯುತ್ತೇವೆ, ಆರಿಸುತ್ತೇವೆ, ಬದುಕಿರುವ ಭಾಗಗಳನ್ನು ಮಾರುತ್ತೇವೆ. ನಮ್ಮಲ್ಲಿ ದುಡ್ಡು ಎಂದರೆ ಗಡ್ಡೆ, ಅಂದರೆ ಮಂಜುಗಡ್ಡೆಯ ಚೀಟಿ, ಕೊಟ್ಟರೆ ಒಂದು ಮಂಜುಗಡ್ಡೆ ಸಿಗುತ್ತದೆ. ಒಂದು ಗಡ್ಡೆಗೆ ಒಂದು ಮನೆ ಒಂದು ಮಧ್ಯಾಹ್ನ ತಣ್ಣಗಿರುತ್ತದೆ. ವರ್ಷಕ್ಕೆ ಎರಡು ಬೇಸಿಗೆ ಬರುವ ಊರಿನಲ್ಲಿ ಅದಕ್ಕಿಂತ ದೊಡ್ಡ ನಾಣ್ಯ ಬೇಕಾಗಿಲ್ಲ. ಯಂತ್ರ ಹಚ್ಚಿದರೆ ಬಿಸಿ ಏಳುತ್ತದೆ ಎಂದು ಅದಕ್ಕೂ ಪಾಲು ಕಟ್ಟಿದ್ದಾರೆ. ಒಂದು ಮನೆಯವರು ದಿನಕ್ಕೆ ಅರ್ಧ ತಾಸಿಗಿಂತ ಹೆಚ್ಚು ಕಂಪ್ಯೂಟರ್ ಹಚ್ಚುವಂತಿಲ್ಲ. ಇದನ್ನು ನೆನಪಿಟ್ಟುಕೋ, ನಮ್ಮನ್ನು ಕೆಡಿಸಿದ್ದರಲ್ಲಿ ಇದಕ್ಕೂ ಪಾಲಿದೆ.

ನಮ್ಮ ಮಕ್ಕಳಿಗೆ ಹದಿನೇಳು ತುಂಬಿದ ವರ್ಷ ಒಂದೇ ಒಂದು ಸಲ ಕೈಪರೀಕ್ಷೆ ನಡೆಯುತ್ತದೆ. ಗೆದ್ದವರು ನೆಲದಡಿಗೆ ಹೋಗುತ್ತಾರೆ. ಅದು ಭೂಮಿಯೊಳಗಿನ ತಂಪು ಊರು. ಅಲ್ಲಿ ಕೂತು ಸಮುದ್ರದ ತಳ ಅಗೆಯುವ ಯಂತ್ರಗಳನ್ನು ದೂರದಿಂದ ನಡೆಸುವ ಕೆಲಸ. ಸೋತವರು ತೊಳೆಹಳ್ಳಕ್ಕೆ ಇಳಿದು, ನಿಮ್ಮ ಹಳೇ ಬ್ಯಾಟರಿಗಳನ್ನು ಒಡೆದು ಆ್ಯಸಿಡ್ಡಿನಲ್ಲಿ ತೊಳೆಯುತ್ತಾರೆ. ಮೂರನೆಯ ದಾರಿ ಇಲ್ಲ. ಕೈ ಎಷ್ಟು ಚುರುಕು ಎಂದು ಅಳೆಯಲು ನೀವು ಹೊತ್ತು ಹೋಗದಾಗ ಆಡುತ್ತಿದ್ದ ಆಟವನ್ನೇ ಇಟ್ಟಿದ್ದಾರೆ, ಓಡುತ್ತ ಅಡಗುತ್ತ ಗುಂಡು ಹೊಡೆಯುವ ಆಟ. ಮೂರು ತಾಸು ಆಡಬೇಕು. ಆಡುವ ಯಂತ್ರ ಅವರು ಕೊಡುವುದಿಲ್ಲ, ನಾವೇ ಕಟ್ಟಿಕೊಂಡು ಹೊತ್ತೊಯ್ಯಬೇಕು. ಬಡವರ ಯಂತ್ರದಲ್ಲಿ ಚಿತ್ರ ತಡವರಿಸುತ್ತದೆ, ಉಳ್ಳವರ ಯಂತ್ರದಲ್ಲಿ ಎಣ್ಣೆಯಂತೆ ಜಾರುತ್ತದೆ. ಆಮೇಲೆ ಕೈ ನೋಡಿದೆವು ಎನ್ನುತ್ತಾರೆ.

ನನ್ನ ಮೊಮ್ಮಗಳು ಗಾಳೆವ್ವನಿಗೆ ಹೋದ ವರ್ಷ ಹದಿನೇಳು. ಅವಳ ಅಪ್ಪ ಅವ್ವ ದಿಬ್ಬ ಕುಸಿದಾಗ ಒಳಗೇ ಉಳಿದರು. ಅಂದಿನಿಂದ ಮನೆಯಲ್ಲಿ ನಾವಿಬ್ಬರೇ. ಅವಳ ಬೆರಳುಗಳಂಥ ಬೆರಳು ಈ ಏಳು ದಿಬ್ಬಗಳಲ್ಲಿ ಇರಲಿಲ್ಲ. ಅಜ್ಜಿಯ ಮಾತಲ್ಲ ಇದು, ನನಗೆ ಯಾರನ್ನೂ ಹೊಗಳುವ ಚಟವಿಲ್ಲ. ಅರವತ್ತು ಗಡ್ಡೆ ಉಳಿಸಿದೆವು, ಅಂದರೆ ಅರವತ್ತು ಮಧ್ಯಾಹ್ನ ಒದ್ದೆ ಗೋಣಿ ಹೊದ್ದು ನೆಲಕ್ಕೆ ಅಂಟಿಕೊಂಡು ಮಲಗಿದೆವು. ಆ ದುಡ್ಡಿನಲ್ಲಿ ಅವಳು ಒಂದೊಂದೇ ಭಾಗ ತಂದಳು. ಮದರ್‌ಬೋರ್ಡು ಯಾವುದೋ ಆಫೀಸಿನ ಕಂಪ್ಯೂಟರಿನದು. ಬಣ್ಣದ ದೀಪ ಮಿಣುಕುವ ನಿಮ್ಮ ಶೋಕಿಯ ಬೋರ್ಡುಗಳೆಲ್ಲ ಯಾವಾಗಲೋ ಸತ್ತಿವೆ, ಗುಮಾಸ್ತರ ಬೋರ್ಡುಗಳೇ ಇವತ್ತಿಗೂ ಉಸಿರಾಡುತ್ತಿವೆ. ಒಂದಕ್ಕೊಂದು ಒಗ್ಗದ ಎರಡು ರ‍್ಯಾಮ್ ಪಟ್ಟಿಗಳನ್ನು ಎಂಟು ದಿನ ತಿಕ್ಕಿ, ಒರೆಸಿ, ಅದಲುಬದಲು ಮಾಡಿ ಒಗ್ಗಿಸಿದಳು. ಗ್ರಾಫಿಕ್ಸ್ ಕಾರ್ಡಿನ ಬೆಸುಗೆ ಬಿಟ್ಟಿತ್ತು, ಅದಕ್ಕೇ ಅಗ್ಗಕ್ಕೆ ಸಿಕ್ಕಿತ್ತು. ಅದನ್ನು ನನ್ನ ರೊಟ್ಟಿ ಹಂಚಿನ ಮೇಲೆ ಇಟ್ಟು, ಮೇಲೊಂದು ಬೋಗುಣಿ ಮುಚ್ಚಿ ಬೇಯಿಸಿದಳು. "ರೊಟ್ಟಿಗಿಂತ ಇದಾ ಚಲೋ ಉಬ್ಬಿದ್ರ ನಾ ಏನ್ ತಿನ್ಲಿ" ಎಂದೆ. "ಉಬ್ಬಿದ್ರ ಇಬ್ಬರೂ ತೊಳೆಹಳ್ಳದಾಗ ಉಣ್ಣೂಣು, ಸುಮ್ನಿರಜ್ಜಿ" ಎಂದಳು. ಬೆಸುಗೆ ಕೂತಿತು. ಎಣ್ಣೆ ಡಬ್ಬ ಕತ್ತರಿಸಿ ಎಲ್ಲಕ್ಕೂ ಸೇರಿಸಿ ಒಂದು ಮನೆ ಮಾಡಿದಳು.

ಕೊನೆಗೆ ಉಳಿದದ್ದು ಯಂತ್ರಕ್ಕೆ ವಿದ್ಯುತ್ತು ಹಂಚುವ ಡಬ್ಬ, ಪವರ್ ಸಪ್ಲೈ. ಕೈಯಲ್ಲಿದ್ದದ್ದು ಹನ್ನೊಂದು ಗಡ್ಡೆ. ಭಾಗ ಮಾರುವ ಮಾಬುಸಾಬನ ಹತ್ತಿರ ಎರಡು ಡಬ್ಬಗಳಿದ್ದವು. ಒಂದು ಸಣ್ಣದು, ಮೈಯೆಲ್ಲ ತುಕ್ಕು, ಎತ್ತಿದರೆ ಹಗುರ, ಬೆಲೆ ಹನ್ನೊಂದು. ಇನ್ನೊಂದು ನಿನ್ನದು. ಎತ್ತಿದರೆ ಭಾರ, ಮೈಮೇಲೆ ಹುಲಿಯ ಚಿತ್ರ, ಆರುನೂರ ಐವತ್ತು ವ್ಯಾಟ್ ಎಂದು ಬಂಗಾರದ ಅಕ್ಷರ, ಸ್ಕ್ರೂವಿನ ಮೇಲೆ 'ಹರಿದರೆ ಗ್ಯಾರಂಟಿ ಇಲ್ಲ' ಎನ್ನುವ ಚೀಟಿ ಹರಿಯದೆ ಹಾಗೇ ಇದೆ, ಬೆಲೆ ಆರು. ದಿಬ್ಬದಲ್ಲಿ ನಾವು ಎರಡು ವಿಷಯ ನಂಬುತ್ತೇವೆ. ಭಾರವಿದ್ದರೆ ಒಳಗೆ ತಾಮ್ರವಿದೆ, ತಾಮ್ರವಿದ್ದರೆ ಮಾಲು ಗಟ್ಟಿ. ಚೀಟಿ ಹರಿಯದಿದ್ದರೆ ಒಳಗೆ ಯಾರೂ ಕೈಯಾಡಿಸಿಲ್ಲ. ಚೀಟಿ ಹರಿದವನನ್ನು ಇಲ್ಲಿ ಕಳ್ಳನಂತೆ ನೋಡುತ್ತಾರೆ. ಇನ್ನೂರು ವರ್ಷದ ಹಿಂದೆ ತೀರಿಹೋದ ಗ್ಯಾರಂಟಿಗೆ ನಾವು ಇಷ್ಟು ಮರ್ಯಾದೆ ಕೊಡುತ್ತೇವೆ. ನಗು ಬರುತ್ತಿದ್ದರೆ ನಗು.

ಗಾಳೆವ್ವ ಸಣ್ಣದನ್ನು ಹಿಡಿದುಕೊಂಡಳು. "ಅಜ್ಜಿ, ಇದನ್ನ ತಗೊಳ್ಳೂಣು. ಇಲ್ಲಾಂದ್ರ ಅದನ್ನ ಒಮ್ಮೆ ಬಿಚ್ಚಿ ನೋಡೂಣು" ಎಂದಳು. ಮಾಬುಸಾಬನೂ, "ಹುಲಿಗೆವ್ವಕ್ಕ, ನಾ ಮಾರಾಂವ, ನಾನಾ ಹೇಳ್ತೀನಿ. ಸಣ್ಣದು ಮೂರು ವರ್ಷ ನಮ್ಮ ಮನ್ಯಾಗ ದುಡದೈತಿ. ದೊಡ್ಡದರ ಹೊಟ್ಟ್ಯಾಗ ಏನೈತೋ ನನಗ ಗೊತ್ತಿಲ್ಲ" ಎಂದ. ನಾನು ಎರಡನ್ನೂ ಎರಡು ಕೈಯಲ್ಲಿ ಎತ್ತಿ ತೂಗಿದೆ. ಐವತ್ತೈದು ವರ್ಷ ಈ ಕೈಗಳೇ ತಕ್ಕಡಿಯಾಗಿ ದುಡಿದಿವೆ. "ತುಕ್ಕು ಹಿಡದದ್ದನ್ನ ಹನ್ನೊಂದಕ್ಕ ಕಟ್ಟಾಕ ನೋಡ್ತೀಯಲ್ಲ ಮಾಬು, ನಾ ಇವತ್ತ ಹುಟ್ಟೀನೇನು" ಎಂದು ಅವನ ಬಾಯಿ ಮುಚ್ಚಿಸಿದೆ. ಗಾಳೆವ್ವ ಇನ್ನೊಂದು ಮಾತು ಆಡಿದಳು, ಅದಕ್ಕೆ ಎಲ್ಲರ ಎದುರಿಗೇ ಬೈದೆ. ನಿನ್ನ ಡಬ್ಬವನ್ನು ನಾನೇ ಹೊತ್ತುಕೊಂಡು ಬಂದೆ. ಮನೆಯಲ್ಲಿ ದಿನಾ ಅರ್ಧ ತಾಸು ಹಚ್ಚಿದೆವು, ಚೆನ್ನಾಗಿಯೇ ನಡೆಯಿತು. ಅರ್ಧ ತಾಸಿನಲ್ಲಿ ಯಾವ ಕಳ್ಳತನ ಹೊರಬೀಳುತ್ತದೆ?

ಉಳಿದ ಐದು ಗಡ್ಡೆಯನ್ನು ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಒಂದೇ ಸಲಕ್ಕೆ ಒಡೆದು ಮನೆ ತುಂಬ ಇಟ್ಟೆ, ಹುಡುಗಿ ಒಮ್ಮೆಯಾದರೂ ಕಣ್ತುಂಬ ನಿದ್ದೆ ಮಾಡಲಿ ಎಂದು. ಅವಳು ಚಳಿಗೆ ನಡುಗುತ್ತ, "ನೆಲದಡಿ ಹಿಂಗಾ ಇರ್ತೈತೇನಜ್ಜಿ" ಎಂದು ಕೇಳಿದಳು. "ಹೋಗಿ ನೋಡು, ಬಂದು ಹೇಳಬ್ಯಾಡ" ಎಂದೆ. ಇಬ್ಬರೂ ನಕ್ಕೆವು.

ಪರೀಕ್ಷೆಯ ಕೊಟ್ಟಿಗೆಯಲ್ಲಿ ಮುನ್ನೂರು ಮಕ್ಕಳಿದ್ದರು. ಹಿರಿಯರೆಲ್ಲ ತಂತಿ ಬೇಲಿಯ ಹೊರಗೆ ಬಿಸಿಲಿನಲ್ಲಿ. ಒಂದೂವರೆ ತಾಸಿನ ಹೊತ್ತಿಗೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಗಾಳೆವ್ವನ ಹೆಸರು ಎಲ್ಲರಿಗಿಂತ ಮೇಲಿತ್ತು. ಪರೀಕ್ಷೆ ನಡೆಸುವ ಹೆಂಗಸು ಬಂದು ಅವಳ ಹಿಂದೆ ನಿಂತು, "ಇದು ಯಾರ ಮನಿ ಹುಡುಗಿ?" ಎಂದು ಬೇಲಿಯ ಕಡೆ ನೋಡಿ ಕೇಳಿದಳು. ನಾನು ಕೈ ಎತ್ತಿದೆ. ಎತ್ತಿದ ಕೈ ಇಳಿಸುವ ಮೊದಲೇ ಮೂಗಿಗೆ ಸುಟ್ಟ ವಾಸನೆ ಬಂತು. ಆಟದಲ್ಲಿ ದೊಡ್ಡ ಕಾಳಗ ಶುರುವಾಗಿ ಕಾರ್ಡು ಹೆಚ್ಚು ವಿದ್ಯುತ್ತು ಕೇಳಿತ್ತು. ನಿನ್ನ ಡಬ್ಬ ಕೊಡಲಾರದೆ ಟಪ್ಪೆಂದು ಒಡೆದು, ಹೋಗುವಾಗ ಬೋರ್ಡನ್ನೂ ಹಂಚಿನ ಮೇಲೆ ಬೆಂದ ಕಾರ್ಡನ್ನೂ ಜೊತೆಗೇ ಒಯ್ದಿತು. ಪರದೆ ಕಪ್ಪಾಯಿತು. ಗಾಳೆವ್ವನ ಬೆರಳುಗಳು ಮಾತ್ರ ಸತ್ತ ಕೀಲಿಗಳ ಮೇಲೆ ಇನ್ನೂ ಸ್ವಲ್ಪ ಹೊತ್ತು ಓಡುತ್ತಲೇ ಇದ್ದವು.

"ಯಂತ್ರ ನಿಂತಿತು. ಎದ್ದೇಳಮ್ಮ" ಎಂದಳು ಆ ಹೆಂಗಸು. ನಾನು ಬೇಲಿ ಹಿಡಿದು, "ಆಕಿ ಕೈ ನೋಡ್ರಿ ತಾಯಿ, ಡಬ್ಬಿ ಯಾಕ ನೋಡ್ತೀರಿ" ಎಂದೆ. ಅವಳು ಸಿಟ್ಟೇನೂ ಇಲ್ಲದೆ ಹೇಳಿದಳು: "ಡಬ್ಬಿ ಆರಿಸೋದೂ ಪರೀಕ್ಷೆನೇ ಅಜ್ಜಿ."

ಮನೆಗೆ ಬಂದು ನಿನ್ನ ಚೀಟಿ ಹರಿದೆ. ಒಳಗೆ ಅಂಗೈ ಅಗಲದ ಒಂದು ಬಡಕಲು ಬೋರ್ಡು, ತಾಮ್ರ ಹೆಸರಿಗಷ್ಟೆ. ಮಿಕ್ಕ ಜಾಗದಲ್ಲಿ ಇಟ್ಟಿಗೆಯಂತೆ ಅಚ್ಚು ಹಾಕಿದ ಸಿಮೆಂಟು, ಅಲುಗಾಡದಂತೆ ನಾಲ್ಕು ಕಡೆ ಗೋಂದು. ಹಸಿ ಇದ್ದಾಗ ಒತ್ತಿದ್ದಕ್ಕೆ ನಿನ್ನ ಹೆಬ್ಬೆರಳಿನ ಗುರುತು ಅದರಲ್ಲಿ ಹಾಗೇ ಉಳಿದಿದೆ. ಎಷ್ಟು ಜಾಣ ನೀನು. ತೂಕ ನೋಡಿ ಕೊಳ್ಳುವವರು ಇದ್ದಾರೆ ಎಂದು ನಿನಗೆ ಆಗಲೇ ಗೊತ್ತಿತ್ತು. ಕೈಯಲ್ಲಿ ದುಡ್ಡು ಕಡಿಮೆ, ಕಾರ್ಡಿಗೆ ಸುರಿದು ಡಬ್ಬಕ್ಕೆ ಉಳಿಸೋಣ ಎನ್ನುವ ನಿನ್ನ ಊರಿನ ಯಾವುದೋ ಹುಡುಗನಿಗಾಗಿ ಅದನ್ನು ನೀನು ಮಾಡಿದ್ದೆ. ಅವನು ಕೊಳ್ಳಲಿಲ್ಲ. ನಾನು ಕೊಂಡೆ.

ಗಾಳೆವ್ವ ಒಂದು ವರ್ಷದಿಂದ ತೊಳೆಹಳ್ಳದಲ್ಲಿದ್ದಾಳೆ. ಮೊದಲು ಉಗುರು ಹೋದವು. ಹದಿನೈದು ದಿನದ ಹಿಂದೆ ಒಂದು ಬ್ಯಾಟರಿ ಕೈಯಲ್ಲೇ ಸಿಡಿದು ಎರಡೂ ಅಂಗೈ ಬೆಂದವು. ನನ್ನನ್ನು ಅವಳು ಇವತ್ತಿಗೂ ಒಂದು ಮಾತು ಅಂದಿಲ್ಲ. ಅಂದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದೆ, ಆ ಉಪಕಾರವನ್ನೂ ಅವಳು ಮಾಡಲಿಲ್ಲ. ಮಂಜುಗಡ್ಡೆಯಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ, ತೆಗೆದರೆ ನರಳುತ್ತಾಳೆ. ಮನೆಯಲ್ಲಿ ಒಂದು ಗಡ್ಡೆಯೂ ಇರಲಿಲ್ಲ.

ಇನ್ನು ಮುಂದಿನದನ್ನು ಕಚೇರಿಯವರೂ ಓದುತ್ತಾರೆ, ಓದಲಿ. ಸತ್ತ ಭಾಗಕ್ಕೆ ಅರದಿಂದ ಒಂದು ಕಚ್ಚು ಹಾಕಿ ದಿಬ್ಬಕ್ಕೆ ಹಿಂದಿರುಗಿಸುವುದು ನಮ್ಮ ಕಟ್ಟಳೆ, ಇನ್ನೊಬ್ಬರು ಮೋಸ ಹೋಗಬಾರದು ಎಂದು. ನಿನ್ನ ಡಬ್ಬಕ್ಕೆ ನಾನು ಕಚ್ಚು ಹಾಕಲಿಲ್ಲ. ಒಳಗೆ ಒಡೆದ ಭಾಗವನ್ನು ಕಿತ್ತು ಬೇರೆ ಕೂರಿಸಿದೆ, ಫ್ಯೂಸು ಬದಲಿಸಿದೆ, ಸಿಮೆಂಟನ್ನು ಇದ್ದಲ್ಲೇ ಇಟ್ಟೆ. ಚೀಟಿಯನ್ನು ಗಂಜಿ ಹಚ್ಚಿ ಅಂಟಿಸಿದೆ. ಹರಿದದ್ದು ಎಂದು ನೀನೇ ಬಂದರೂ ಕಂಡುಹಿಡಿಯಲಾರೆ. ಹಸಿರು ತಂತಿಗೆ ಕರಿ ತಂತಿ ತಾಗಿಸಿದರೆ ಫ್ಯಾನು ತಿರುಗುತ್ತದೆ, ಕೊಳ್ಳುವವರು ಅಷ್ಟನ್ನೇ ನೋಡುತ್ತಾರೆ.

ಮೊನ್ನೆ ಐದನೇ ದಿಬ್ಬದ ಫಕೀರವ್ವ ಎನ್ನುವವಳು ಅಕ್ಕನ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯ ಹೆಸರು ದ್ಯಾಮವ್ವ, ಹದಿನೇಳು. ಫಕೀರವ್ವ ಡಬ್ಬ ಎತ್ತಿ ನೋಡಿ, "ಯವ್ವಾ, ಭಾಳ ತೂಕ ಐತ್ರಿ" ಎಂದು ಹಿಗ್ಗಿದಳು. ಆ ಹುಡುಗಿ ಮಾತ್ರ, "ಅಜ್ಜಿ, ಒಮ್ಮೆ ಬಿಚ್ಚಿ ನೋಡ್ಲೇನ್ರಿ" ಎಂದು ಕೇಳಿದಳು. "ಚೀಟಿ ಹರದ್ರ ಬೆಲಿ ಹೋಗ್ತೈತವ್ವ, ಬಿಡು" ಎಂದೆ. ಏಳು ಗಡ್ಡೆಗೆ ಕೊಟ್ಟೆ. ನಾನು ಕೊಂಡದ್ದಕ್ಕಿಂತ ಒಂದು ಹೆಚ್ಚು.

ಈಗ ಗಾಳೆವ್ವ ಒಳಗೆ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಮಲಗಿದ್ದಾಳೆ. ಹದಿನೈದು ದಿನದಲ್ಲಿ ಮೊದಲ ಸಲ ನರಳುವುದು ನಿಂತಿದೆ. ನಾಲ್ಕು ಗಡ್ಡೆ ಕರಗಿವೆ, ಮೂರು ಉಳಿದಿವೆ. ದ್ಯಾಮವ್ವನ ಪರೀಕ್ಷೆ ನಾಡಿದ್ದು. ಐದನೇ ದಿಬ್ಬ ಇಲ್ಲಿಂದ ಒಂದು ತಾಸಿನ ದಾರಿ, ನನ್ನ ಕಾಲುಗಳಿನ್ನೂ ಗಟ್ಟಿಯಾಗಿವೆ. ಹೋಗಿ, ಅದನ್ನು ಹಚ್ಚಬೇಡಿರಿ ಎಂದು ಹೇಳಿ, ಗಡ್ಡೆ ತಿರುಗಿ ಕೊಟ್ಟು ಬರಬಹುದು. ಹೋಗುವುದಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಚಪ್ಪಲಿ ಮೆಟ್ಟಿದೆ, ಎರಡು ಸಲವೂ ಒಳಗಿನ ಬೋಗುಣಿ ನೋಡಿ ಬಿಚ್ಚಿದೆ.

ಅದಕ್ಕೇ ಇನ್ನೂರು ವರ್ಷ ಹಿಂದಿರುವ ನಿನ್ನನ್ನು ಕೇಳುವ ಗತಿ ಬಂದಿದೆ. ಸಿಮೆಂಟು ಕಲಸಬೇಡ. ಡಬ್ಬ ಹಗುರವಿದ್ದರೆ ನಾನು ಕೊಳ್ಳುತ್ತಿರಲಿಲ್ಲ, ಕೊಂಡಿದ್ದರೂ ಮಾರಲಾಗುತ್ತಿರಲಿಲ್ಲ. ಗಾಳೆವ್ವನ ಕೈ ನಿನಗೆ ದೂರದ್ದು, ದ್ಯಾಮವ್ವ ಇನ್ನೂ ದೂರ, ಗೊತ್ತು. ಆದರೂ ನೀನೇ ಬಿಡಬೇಕು. ನೀನು ಬಿಡದಿದ್ದರೆ ನಿನಗೂ ಆ ಹುಡುಗಿಗೂ ನಡುವೆ ತಡೆಯುವುದಕ್ಕೆ ಇರುವವಳು ನಾನೊಬ್ಬಳೇ, ಮತ್ತು ನಾನು ತಡೆಯುವುದಿಲ್ಲ.

ಹುಲಿಗೆಮ್ಮ